ಗಿರಿಯ ಹೂ, ಬಯಲಿನ ಕಥೆ

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕೋಡ್ಲಾ ಎಂಬ ಗ್ರಾಮವಿದೆ. ಆ ಊರಿನ ಹೊಲಗಳಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಣ್ಣನ್ನು ತಡೆದು ನಿಲ್ಲಿಸುವ ಪರ್ವತ ಕಾಣುವುದಿಲ್ಲ. ತೊಗರಿ, ಜೋಳ, ಕುಸುಬೆಗಳ ಬಯಲು. ಅದರ ಕೆಳಗೆ ಹಾಳೆಹಾಳೆಯಾಗಿ ಹಾಸಿಕೊಂಡ ಸುಣ್ಣಕಲ್ಲು. ಬೇರೆ ಸೀಮೆಗಳಲ್ಲಿ ಕಲ್ಲು ಮೇಲೆದ್ದು ಬೆಟ್ಟವಾಗಿದ್ದರೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಈ ಸೀಮೆಯಲ್ಲಿ ಅದು ನೆಲದೊಳಗೆ ಮಲಗಿದೆ. ಅಲ್ಲಿಂದ ಎದ್ದು ಬಂದು ಮನೆಗಳಿಗೆ ಹಾಸುಗಲ್ಲಾಗಿದೆ, ಮಾಳಿಗೆಗೆ ಚಪ್ಪಡಿಯಾಗಿದೆ. ಉತ್ತರಕ್ಕೆ ಚಿಂಚೋಳಿಯ ಕಡೆ ಸರಿದರೆ ಕಾಡು ಹೊದ್ದ ಗುಡ್ಡಗಳು ಸಿಗುತ್ತವೆ, ನಿಜ. ಆದರೆ ಹಿಮ ಬೀಳುವ ಎತ್ತರ ಈ ನಾಡಿನವರಿಗೆ ಕೇಳಿ ತಿಳಿದ ಸಂಗತಿಯೇ ಹೊರತು ಕಂಡು ತಿಳಿದದ್ದಲ್ಲ. ಇಂಥ ಬಯಲಿನಲ್ಲಿ ನಿಂತು, ಎತ್ತರದ ಪರ್ವತಗಳಲ್ಲಿ ಮಾತ್ರ ಅರಳುವ ಅಪರೂಪದ ಹೂಗಳ ವಿಚಾರವನ್ನೆತ್ತುವುದು ವಿಚಿತ್ರವೆನಿಸೀತು. ಆದರೆ ಆ ಹೂಗಳನ್ನು ಕುರಿತ ಐತಿಹ್ಯಗಳನ್ನು ಕಟ್ಟಿ, ಹಾಡಿ, ಬರೆದು ಉಳಿಸಿದವರಲ್ಲಿ ಹೆಚ್ಚಿನವರು ಬಯಲಿನವರೇ. ಹೂ ಗಿರಿಯದು, ಕಥೆ ಬಹುಮಟ್ಟಿಗೆ ಬಯಲಿನದು. ಹೀಗಾದದ್ದರಿಂದ ಹೂವಿಗೆ ಏನಾಯಿತು ಎಂಬುದೇ ಇಂದಿನ ವಿಚಾರ.

ಸೇಡಂ ತಾಲೂಕಿನಲ್ಲಿಯೇ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಅದು. ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರ ಹೊತ್ತಿಗೆ, ಕವಿರಾಜಮಾರ್ಗ ರಚಿತವಾಯಿತು. ಆ ಗ್ರಂಥ ಬಹಳಷ್ಟು ವಿಷಯಗಳಲ್ಲಿ ದಂಡಿಯ ಕಾವ್ಯಾದರ್ಶವನ್ನು ಆಶ್ರಯಿಸಿದೆಯೆಂಬುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಮಹಾಕಾವ್ಯವೊಂದರಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ವರ್ಣನೆ ಇರಬೇಕೆಂಬುದು ದಂಡಿಯ ಮತ. ಅಂದರೆ ಕವಿ ಪರ್ವತವನ್ನು ಕಂಡಿರಲಿ ಬಿಡಲಿ, ಅದನ್ನು ವರ್ಣಿಸುವುದು ಅವನ ಕರ್ತವ್ಯವಾಗಿತ್ತು. ಹೀಗೆ ಕಾಗಿಣೆಯ ದಂಡೆಯಲ್ಲಿ ಕೂತ ಕವಿಯ ಓಲೆಗರಿಯಲ್ಲಿಯೂ ಹಿಮಗಿರಿಯ ಹೂ ಅರಳಬೇಕಾಯಿತು. ಹತ್ತನೆಯ ಶತಮಾನದಲ್ಲಿ ಇದೇ ಮಾನ್ಯಖೇಟದಲ್ಲಿ ನೆಲೆಸಿ, ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ, ಅಪಭ್ರಂಶ ಭಾಷೆಯ ಮಹಾಪುರಾಣವನ್ನು 965ರಲ್ಲಿ ಮುಗಿಸಿದ ಜೈನ ಕವಿಯ ಹೆಸರು ಪುಷ್ಪದಂತ. ಪುರಾಣಗಳಲ್ಲಿ ಇನ್ನೊಬ್ಬ ಪುಷ್ಪದಂತನಿದ್ದಾನೆ. ಅವನು ಗಂಧರ್ವ; ಶಿವಪೂಜೆಗೆಂದು ಅರಸನ ತೋಟದಿಂದ ಅದೃಶ್ಯನಾಗಿ ಹೂ ಕದಿಯುತ್ತಿದ್ದವನು. ಅರಸ ದಾರಿಯಲ್ಲಿ ಶಿವನಿರ್ಮಾಲ್ಯವನ್ನು ಹರಡಿಸಿದ. ಅರಿಯದೆ ಅದನ್ನು ತುಳಿದ ಗಂಧರ್ವ ತನ್ನ ಶಕ್ತಿಯನ್ನು ಕಳೆದುಕೊಂಡ. ಶಿವಮಹಿಮ್ನಸ್ತೋತ್ರ ಹುಟ್ಟಿದ್ದು ಆಗ ಎಂಬುದು ಐತಿಹ್ಯ. ದೇವರಿಗಾಗಿಯೇ ಆದರೂ ಹೂವನ್ನು ಹೇಗೆ ಕೊಯ್ಯಬೇಕೆಂಬುದಕ್ಕೆ ಒಂದು ಮೇರೆಯಿದೆ ಎಂಬ ಅರಿವು ಈ ಕಥೆಯ ಒಳಗಿದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಪರ್ವತದ ಹೂವನ್ನು ಕುರಿತ ಭಾರತೀಯ ಕಥೆಗಳಲ್ಲೆಲ್ಲ ಹಿರಿದಾದುದು ಸೌಗಂಧಿಕದ ಕಥೆ. ವ್ಯಾಸಭಾರತದ ವನಪರ್ವದಲ್ಲಿ ಅದು ಬರುತ್ತದೆ. ನಮ್ಮ ಕುಮಾರವ್ಯಾಸನೂ ಅರಣ್ಯಪರ್ವದಲ್ಲಿ ಅದನ್ನು ಹೇಳಿದ್ದಾನೆ. ಪಾಂಡವರು ಗಂಧಮಾದನದ ಕಡೆ ಬದರಿಯಲ್ಲಿರುವಾಗ ಗಾಳಿ ಹೊತ್ತು ತಂದ ಒಂದು ಸಾವಿರ ದಳದ ಹೂ ದ್ರೌಪದಿಯ ಮುಂದೆ ಬೀಳುತ್ತದೆ. ಇಂಥವೇ ಇನ್ನಷ್ಟು ಬೇಕೆಂದು ಆಕೆ ಭೀಮನನ್ನು ಕೇಳುತ್ತಾಳೆ. ಭೀಮ ಹೊರಡುತ್ತಾನೆ; ಬಾಳೆಯ ವನದಲ್ಲಿ ದಾರಿಗೆ ಅಡ್ಡವಾಗಿ ಮಲಗಿದ್ದ ಮುದಿ ಕಪಿಯ ಬಾಲವನ್ನು ಎತ್ತಲಾರದೆ ಸೋಲುತ್ತಾನೆ; ಅವನು ತನ್ನ ಅಣ್ಣ ಹನುಮಂತನೆಂದು ತಿಳಿಯುತ್ತದೆ. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಮಕ್ಕಳ ಪುಸ್ತಕಗಳಲ್ಲಿ, ಆಟದ ರಂಗದಲ್ಲಿ, ಮಲಯಾಳ ನಾಡಿನ ಕಥಕಳಿಯಲ್ಲಿ ಇದೇ ಭಾಗ ಮೆರೆದಿದೆ. ಬಾಲದ ಪ್ರಸಂಗದ ಮುಂದೆ ಬರುವ ಮೂರು ಮಾತುಗಳನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

ಮೊದಲನೆಯದು ಹನುಮಂತನದು. ಸರೋವರದ ದಾರಿಯನ್ನು ತೋರಿಸಿಕೊಟ್ಟ ಮೇಲೆ ಅವನು ತಮ್ಮನಿಗೆ ಒಂದು ಎಚ್ಚರಿಕೆ ಕೊಡುತ್ತಾನೆ: ಬಲ ಪ್ರಯೋಗಿಸಿ ನೀನಾಗಿಯೇ ಹೂ ಕೊಯ್ಯಬೇಡ, ದೇವತೆಗಳು ಮನುಷ್ಯನ ಮನ್ನಣೆಗೆ ಪಾತ್ರರು ಎಂಬುದು ಅದರ ತಾತ್ಪರ್ಯ. ಎರಡನೆಯದು ಭೀಮನದು. ಕುಬೇರನ ಸರೋವರವನ್ನು ಕಾಯುತ್ತಿದ್ದ ಕ್ರೋಧವಶರೆಂಬ ರಾಕ್ಷಸರು, ಯಕ್ಷರಾಜನ ಅಪ್ಪಣೆ ಪಡೆದು ಕೊಯ್ಯಬಹುದು ಎನ್ನುತ್ತಾರೆ. ಅದಕ್ಕೆ ಭೀಮ ಕೊಡುವ ಉತ್ತರ ಸ್ವಾರಸ್ಯವಾದುದು. ಕ್ಷತ್ರಿಯರು ಬೇಡುವವರಲ್ಲ; ಅದೂ ಅಲ್ಲದೆ ಈ ಕೊಳ ಪರ್ವತದ ಝರಿಗಳಿಂದ ಹುಟ್ಟಿದ್ದು, ಕುಬೇರನ ಮನೆಯೊಳಗಿನದಲ್ಲ; ಅವನಿಗೆಷ್ಟೋ ಸಕಲ ಜೀವಿಗಳಿಗೂ ಅಷ್ಟೇ ಸೇರಿದ್ದು; ಎಲ್ಲರ ಸೊತ್ತನ್ನು ಯಾರು ಯಾರನ್ನು ಕೇಳಬೇಕು? ಹೀಗೆಂದು ಅವನು ಕಾವಲುಗಾರರನ್ನು ಬಡಿದು ಹೂ ಕೊಯ್ಯುತ್ತಾನೆ. ಕುಬೇರನಿಗೆ ಸುದ್ದಿ ಮುಟ್ಟಿದಾಗ ಅವನು ನಕ್ಕು ಸಮ್ಮತಿಸುತ್ತಾನೆ. ಮೂರನೆಯ ಮಾತು ಧರ್ಮರಾಜನದು. ತಮ್ಮನನ್ನು ಹುಡುಕಿ ಬಂದ ಅವನು ಕೊಳದ ದಂಡೆಯಲ್ಲಿ ಬಿದ್ದವರನ್ನು ಕಂಡು, ಇದು ದುಡುಕು, ನನಗೆ ಪ್ರಿಯವಾದುದನ್ನು ಮಾಡುವ ಇಚ್ಛೆಯಿದ್ದರೆ ಇನ್ನೊಮ್ಮೆ ಹೀಗೆ ಮಾಡಬೇಡ ಎನ್ನುತ್ತಾನೆ.

ಎಲ್ಲರದಾದದ್ದನ್ನು ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂಬ ಭೀಮನ ವಾದ ಸುಳ್ಳೆಂದು ಸುಲಭವಾಗಿ ಹೇಳುವಂತಿಲ್ಲ. ಬೆಟ್ಟದ ಹೂವಿಗೆ ಒಡೆಯನೆಂಬವನು ಯಾರು? ಆದರೆ ಸಕಲ ಜೀವಿಗಳಿಗೂ ಸೇರಿದ್ದು ಎಂದ ಮೇಲೆ, ಈಗ ಬಂದವನು ಕಿತ್ತುಕೊಂಡರೆ ಮುಂದೆ ಬರುವವನಿಗೆ ಏನು ಉಳಿಯಿತು ಎಂಬ ಪ್ರಶ್ನೆ ಅದೇ ವಾದದಿಂದ ಹುಟ್ಟುತ್ತದೆ. ಭೀಮ ಅದನ್ನು ಕೇಳಿಕೊಳ್ಳಲಿಲ್ಲ. ಧರ್ಮರಾಜನ ಮಾತಿನಲ್ಲಿ ಅದು ಅಡಗಿದೆ. ಹೂವಿನ ಆಸೆಯನ್ನೂ ಆ ಆಸೆಯ ಕಡಿವಾಣವನ್ನೂ ಮೂಲಕಥೆ ಒಟ್ಟಿಗೇ ಹೇಳಿತು. ಕಥೆ ಗಿರಿಯಿಳಿದು ಬಯಲಿಗೆ ಬರುವಷ್ಟರಲ್ಲಿ ಆಸೆ ಉಳಿಯಿತು, ಕಡಿವಾಣ ಸಡಿಲವಾಯಿತು.

ಸಂಜೀವಿನಿಯ ಕಥೆಗೂ ಇದೇ ಗತಿಯಾಯಿತು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಹನುಮಂತ ಹಿಮಾಲಯದ ಓಷಧಿಪರ್ವತಕ್ಕೆ ಹೋಗುತ್ತಾನೆ. ಮೃತಸಂಜೀವನಿ, ವಿಶಲ್ಯಕರಣಿ ಮೊದಲಾದ ನಾಲ್ಕು ಮೂಲಿಕೆಗಳು, ತಮ್ಮನ್ನು ಕೇಳಿಕೊಂಡು ಒಬ್ಬನು ಬರುತ್ತಿದ್ದಾನೆಂದು ಅರಿತು ಮರೆಯಾಗುತ್ತವೆ. ಅವನು ಸಿಟ್ಟಿನಿಂದ ಶಿಖರವನ್ನೇ ಕಿತ್ತು ತರುತ್ತಾನೆ. ಕೆಲಸ ಮುಗಿದ ಮೇಲೆ ಮಾಡಿದ್ದೇನು? ಅದನ್ನು ಮತ್ತೆ ಹಿಮಾಲಯಕ್ಕೆ ಒಯ್ದು ಇಟ್ಟು ಬರುತ್ತಾನೆ. ಬಯಲಿನ ಐತಿಹ್ಯಗಳಿಗೆ ಈ ಮರುಪಯಣ ರುಚಿಸಲಿಲ್ಲ. ಹೋಗುವಾಗಲೋ ಬರುವಾಗಲೋ ಪರ್ವತದ ಚೂರುಗಳು ಉದುರಿದವೆಂದೂ ಅವು ನಮ್ಮೂರ ಗುಡ್ಡಗಳಾದವೆಂದೂ ಜನ ಹೇಳತೊಡಗಿದರು. ಗದಗದ ಬಳಿಯ ಕಪ್ಪತಗುಡ್ಡ, ತುಮಕೂರಿನ ಸಿದ್ಧರ ಬೆಟ್ಟ, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ, ಎಲ್ಲವಕ್ಕೂ ಸಂಜೀವಿನಿಯ ನಂಟು ಅಂಟಿದೆ. ಆ ಬೆಟ್ಟಗಳಲ್ಲಿ ಮದ್ದಿನ ಗಿಡಗಳು ನಿಜವಾಗಿಯೂ ಹೇರಳವಾಗಿರುವುದರಿಂದ ಈ ಐತಿಹ್ಯಗಳನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕಬಾರದು. ಗಿಡಗಳನ್ನು ಬಲ್ಲವರ ಅನುಭವ ಅಲ್ಲಿ ಕಥೆಯ ವೇಷ ತೊಟ್ಟಿದೆ. ಆದರೆ ಪಡೆದವರ ಬಾಯಲ್ಲಿ ಇದು ಸಂತೋಷದ ಕಥೆಯಾದರೆ, ಕಳೆದುಕೊಂಡವರ ಬಾಯಲ್ಲಿ ಏನು? ಉತ್ತರಾಖಂಡದ ಚಮೋಲಿ ಜಿಲ್ಲೆಯ ದ್ರೋಣಗಿರಿ ಎಂಬ ಹಳ್ಳಿಯಲ್ಲಿ ಹನುಮಂತನ ಪೂಜೆಯಿಲ್ಲ. ತಮ್ಮ ದೇವರಾದ ಪರ್ವತವನ್ನು ಅವನು ಕಿತ್ತೊಯ್ದನೆಂಬ ನೋವು ಆ ಊರಿನವರಿಗೆ ಇಂದಿಗೂ ಇದೆ. ಭಾರತವೆಲ್ಲ ಕೈಮುಗಿಯುವ ಮಹಾವೀರನನ್ನು ಒಂದು ಪರ್ವತದ ಹಳ್ಳಿ ಹೀಗೆ ಹೊರಗಿಟ್ಟಿದೆಯೆಂದರೆ, ಗಿರಿಯವರ ಕಥೆ ಬೇರೆಯೇ ಇದೆಯೆಂದು ನಾವು ತಿಳಿಯಬೇಕು.

ಈಗ ಕಥೆಯಿಂದ ಗಿಡದ ಕಡೆ ತಿರುಗೋಣ. ಸೌಗಂಧಿಕವೆಂದರೆ ಯಾವ ಹೂ? ಸಾವಿರ ದಳದ ಕಮಲವೆಂದು ಕಾವ್ಯ ಹೇಳುತ್ತದೆ. ಕಾಶ್ಮೀರದ ದಾಲ್ ಸರೋವರದಲ್ಲಿ ತಾವರೆ ಬೆಳೆಯುವುದುಂಟು. ಆದರೆ ಅದಕ್ಕಿಂತ ಬಹಳ ಮೇಲೆ, ವರ್ಷದ ಬಹುಭಾಗ ಹೆಪ್ಪುಗಟ್ಟುವ ಕೊಳಗಳಲ್ಲಿ ತಾವರೆ ಬದುಕದು. ಮಲಯಾಳಿಗಳು ಕಲ್ಯಾಣಸೌಗಂಧಿಕವೆಂದು ಒಂದು ಬಿಳಿಯ ಹೂವನ್ನು ತೋರಿಸುತ್ತಾರೆ. ಅದು ನಮ್ಮ ತೋಟಗಳ ಸುರುಳಿ ಸುಗಂಧಿ, ಶುಂಠಿಯ ಕುಲದ್ದು. ಹಿಮಾಲಯದವರಲ್ಲಿ ಅನೇಕರು ತೋರಿಸುವುದು ಬ್ರಹ್ಮಕಮಲವನ್ನು. ಹೆಸರು ಕಮಲವೆಂದಿದ್ದರೂ ಅದಕ್ಕೂ ಕಮಲಕ್ಕೂ ಸಂಬಂಧವಿಲ್ಲ. ಸಸ್ಯಶಾಸ್ತ್ರದಲ್ಲಿ ಸಾಸ್ಯೂರಿಯಾ ಆಬ್‌ವಲ್ಲಾಟಾ ಎಂದು ಕರೆಸಿಕೊಳ್ಳುವ ಈ ಗಿಡ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಆ ದೊಡ್ಡ ಕುಟುಂಬದಲ್ಲಿ ಅದರ ಹತ್ತಿರದ ಬಳಗ ಯಾವುದೆಂದರೆ ನಮ್ಮ ಕುಸುಬೆಯ ಬಳಗ. ಕೋಡ್ಲಾದ ಹೊಲದಲ್ಲಿ ಹಿಂಗಾರಿಯ ತಂಪಿನಲ್ಲಿ ಕೇಸರಿ ಬಣ್ಣದ ತಲೆಯೆತ್ತುವ ಮುಳ್ಳು ಗಿಡವೂ, ಕೇದಾರದ ಮೇಲಿನ ಬಂಡೆಗಳ ಸಂದಿಯಲ್ಲಿ ಅರಳುವ ದೇವಪುಷ್ಪವೂ ದಾಯಾದಿಗಳು!

ಬ್ರಹ್ಮಕಮಲ ಸಾಮಾನ್ಯವಾಗಿ 3,700 ಮೀಟರಿಗೂ ಮೇಲೆ ಬೆಳೆಯುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅರಳುತ್ತದೆ. ನಾವು ದಳಗಳೆಂದು ಭ್ರಮಿಸುವ ನಸು ಹಳದಿಯ, ಕಾಗದದಂಥ ತೆಳು ಹೊದಿಕೆಗಳು ನಿಜವಾಗಿ ಎಲೆಗಳೇ. ಅವು ಒಂದರ ಮೇಲೊಂದು ಬಾಗಿ ಗೂಡು ಕಟ್ಟುತ್ತವೆ. ಬೆಳಕು ಒಳಗೆ ಹೋಗುತ್ತದೆ, ಮಳೆ ಚಳಿಗಳು ಹೊರಗುಳಿಯುತ್ತವೆ. ಒಳಗಿನ ಬೆಚ್ಚನೆಯಲ್ಲಿ ನೇರಳೆ ಬಣ್ಣದ ಚಿಕ್ಕ ಹೂಗಳು ಗುಂಪಾಗಿ ಅರಳುತ್ತವೆ. ಯುರೋಪಿನ ತೋಟಗಾರರು ಗಾಜಿನ ಮನೆ ಕಟ್ಟುವುದನ್ನು ಕಲಿಯುವ ಎಷ್ಟೋ ಯುಗಗಳ ಹಿಂದೆಯೇ ಈ ಗಿಡ ಆ ವಿದ್ಯೆಯನ್ನು ಸಾಧಿಸಿತ್ತು. ಅದರ ಕುಲಕ್ಕೆ ಸಾಸ್ಯೂರಿಯಾ ಎಂದು 1810ರಲ್ಲಿ ಹೆಸರಿಟ್ಟವನು ಡಿ ಕ್ಯಾಂಡೋಲ್ ಎಂಬ ಸಸ್ಯವಿಜ್ಞಾನಿ. 1787ರಲ್ಲಿ ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರವನ್ನೇರಿದ ಸ್ವಿಸ್ ವಿದ್ವಾಂಸ ಸೊಸ್ಯೂರ್ ಮತ್ತು ಅವನ ಮಗನ ಗೌರವಾರ್ಥವಾಗಿ ಆ ಹೆಸರು ಬಂತು. ನಾವು ಬ್ರಹ್ಮನ ಹೆಸರಿಟ್ಟೆವು, ಅವರು ಪರ್ವತಾರೋಹಿಗಳ ಹೆಸರಿಟ್ಟರು. ಎರಡೂ ಕಡೆ ಎತ್ತರದ ಬೆರಗೇ ಕೆಲಸ ಮಾಡಿದೆ.

ಕನ್ನಡಿಗರಿಗೆ ಈ ಹೂವಿನೊಡನೆ ಇನ್ನೊಂದು ಹಳೆಯ ನಂಟಿದೆ. ಸುಮಾರು 3,580 ಮೀಟರ್ ಎತ್ತರದ ಕೇದಾರನಾಥದಲ್ಲಿ ಶಿವನಿಗೆ ಏರಿಸುವ ಹೂಗಳಲ್ಲಿ ಬ್ರಹ್ಮಕಮಲ ಮುಖ್ಯವಾದುದು. ಆ ದೇವಾಲಯದ ರಾವಲರು ಪರಂಪರೆಯಂತೆ ಕರ್ನಾಟಕ ಮೂಲದ ವೀರಶೈವ ಜಂಗಮರು. ಅವರ ಪೀಠವಿರುವುದು ಊಖಿಮಠದಲ್ಲಿ. ರಾವಲರು ತಾವೇ ಪೂಜೆ ಮಾಡುವುದಿಲ್ಲ. ಅವರ ಆಜ್ಞೆಯಂತೆ ಶಿಷ್ಯರಾದ ಅರ್ಚಕರು ಮಾಡುತ್ತಾರೆ. ಚಳಿಗಾಲದಲ್ಲಿ ದೇವಾಲಯ ಹಿಮದಲ್ಲಿ ಮುಚ್ಚಿಹೋದಾಗ ಉತ್ಸವಮೂರ್ತಿ ಊಖಿಮಠಕ್ಕೆ ಇಳಿದು ಬರುತ್ತದೆ. ಬಯಲಿನಲ್ಲಿ ಹುಟ್ಟಿದ ಜಂಗಮರು ಹಿಮಾಲಯದ ಹೂವಿಗೂ ದೇವರಿಗೂ ನಡುವೆ ನಿಂತದ್ದು ಹೀಗೆ. ಅಲ್ಲಿನ ಹಳ್ಳಿಗಳಲ್ಲಿ ಈ ಹೂವಿಗೆ ಕಟ್ಟುಪಾಡೂ ಇತ್ತು. ಭಾದ್ರಪದದ ನಂದಾಷ್ಟಮಿಗೆಂದು ಉಪವಾಸವಿದ್ದು, ಬರಿಗಾಲಿನಲ್ಲಿ ಮೇಲಿನ ಹುಲ್ಲುಗಾವಲುಗಳಿಗೆ ಹೋಗಿ ಹೂ ತರುವುದು, ಅದಕ್ಕೆ ಮುಂಚೆ ಮುಟ್ಟದಿರುವುದು ಹಲವು ಊರುಗಳ ವಾಡಿಕೆ. ಹೂ ಬಲಿತು ಬೀಜ ಕಟ್ಟಲು ಅಷ್ಟು ಕಾಲ ಸಿಕ್ಕಲಿ ಎಂದು ಯಾರೂ ಶಾಸ್ತ್ರ ಬರೆಯಲಿಲ್ಲ. ವ್ರತವೇ ಆ ಕೆಲಸ ಮಾಡಿತು. 2000ದಲ್ಲಿ ಹುಟ್ಟಿದ ಉತ್ತರಾಖಂಡ ರಾಜ್ಯ ಬ್ರಹ್ಮಕಮಲವನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ.

ನಮ್ಮ ಮನೆಗಳ ಹಿತ್ತಲಿನಲ್ಲಿಯೂ ಬ್ರಹ್ಮಕಮಲವಿದೆಯಲ್ಲ ಎಂದು ಕೇಳುಗರು ಪ್ರಶ್ನಿಸಬಹುದು. ಕಲಬುರಗಿಯಿಂದ ಮೈಸೂರಿನವರೆಗೆ ಕುಂಡಗಳಲ್ಲಿ ಬೆಳೆಯುವ, ಎಲೆಯ ಅಂಚಿನಲ್ಲಿ ಮೊಗ್ಗು ಬಿಡುವ, ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಆ ಬಿಳಿಯ ಹೂ ಬೇರೆ. ಅದು ಒಂದು ಜಾತಿಯ ಕಳ್ಳಿ. ಎಲೆಯಂತೆ ಕಾಣುವುದು ಅದರ ಚಪ್ಪಟೆ ಕಾಂಡ. ಎಪಿಫಿಲ್ಲಮ್ ಆಕ್ಸಿಪೆಟಲಮ್ ಎಂಬ ಹೆಸರಿನ ಈ ಗಿಡದ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ನಾಡುಗಳು. ಕೊಲಂಬಸ್ ಸಾಗರ ದಾಟಿದ್ದು 1492ರಲ್ಲಿ. ಆದ್ದರಿಂದ ಈ ಗಿಡ ನಮ್ಮಲ್ಲಿಗೆ ಬಂದದ್ದು ಖಂಡಿತವಾಗಿ ಅನಂತರ. ಇದನ್ನು ಕುರಿತು ನಾವು ಹೇಳುವ ಪೌರಾಣಿಕ ಕಥೆಗಳಾವುವೂ ಐದು ಶತಮಾನಗಳಿಗಿಂತ ಹಳೆಯವಾಗಿರಲಾರವು. ಐತಿಹ್ಯದ ವಯಸ್ಸನ್ನು ಕೆಲವೊಮ್ಮೆ ಶಾಸನಕ್ಕಿಂತ ಚೆನ್ನಾಗಿ ಗಿಡವೇ ಹೇಳುತ್ತದೆ. ಶ್ರೀಲಂಕೆಯ ಬೌದ್ಧರು ಇದೇ ಹೂವನ್ನು ಕಡುಪುಲ್ ಎಂದು ಕರೆದು ಬುದ್ಧನ ಪೂಜೆಯೊಡನೆ ಸೇರಿಸಿದರು. ಚೀನೀಯರು ಕ್ಷಣಿಕತೆಯ ಮಾತಿಗೆ ಇದನ್ನೇ ನಿದರ್ಶನ ಮಾಡಿಕೊಂಡರು. ಹೊಸ ಖಂಡದ ಹೂ ಹಳೆಯ ಖಂಡಕ್ಕೆ ಬಂದಾಗ ಆಯಾ ನಾಡಿನ ಜನ ತಮ್ಮಲ್ಲಿ ಖಾಲಿಯಿದ್ದ ಪವಿತ್ರವಾದ ಹೆಸರನ್ನು ಅದಕ್ಕೆ ಕೊಟ್ಟರು.

ಇದನ್ನು ಅಜ್ಞಾನವೆಂದು ಹೀಯಾಳಿಸುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ಹಿತ್ತಲಿನ ಹೂ ಅರಳುವ ರಾತ್ರಿ ಮನೆಯ ಹೆಂಗಸರು ನಿದ್ದೆಗೆಟ್ಟು ಕಾಯುತ್ತಾರೆ, ನೆರೆಯವರನ್ನು ಕರೆಯುತ್ತಾರೆ, ಅರಿಸಿನ ಕುಂಕುಮವಿಟ್ಟು ಆರತಿ ಎತ್ತುತ್ತಾರೆ. ಅನೇಕ ಮನೆಗಳಲ್ಲಿ ಆ ಹೂವನ್ನು ಗಿಡದಿಂದ ಬಿಡಿಸುವುದಿಲ್ಲ, ಅರಳಿದಲ್ಲಿಯೇ ಪೂಜಿಸುತ್ತಾರೆ. ಹೆಸರು ತಪ್ಪು, ನಡವಳಿಕೆ ಮಾತ್ರ ಗಿರಿಯವರ ವ್ರತಕ್ಕೆ ಸಮೀಪವಾದುದು. ಹಿಮಾಲಯದ ಯಾತ್ರೆಗೆ ಹೋಗಿ ನಿಜವಾದ ಬ್ರಹ್ಮಕಮಲವನ್ನು ಕಿತ್ತು ಚೀಲದಲ್ಲಿಟ್ಟುಕೊಂಡು ಬರುವವನಿಗಿಂತ, ಮೆಕ್ಸಿಕೊದ ಕಳ್ಳಿಗೆ ಆರತಿಯೆತ್ತುವ ಗೃಹಿಣಿ ಹೂವನ್ನು ಹೆಚ್ಚು ಬಲ್ಲವಳು.

ಮೂರನೆಯ ಹೂ ನಮ್ಮದೇ ಪಶ್ಚಿಮಘಟ್ಟದ್ದು. ಕುರಿಂಜಿ, ನೀಲಕುರಿಂಜಿ ಎಂದು ಹೆಸರಾದ ಇದನ್ನು ಮಲೆನಾಡಿನ ಕಡೆ ಗುರಿಗೆ ಎನ್ನುವುದುಂಟು. ಪ್ರಾಚೀನ ತಮಿಳರು ನೆಲವನ್ನು ಐದು ತಿಣೆಗಳಾಗಿ ವಿಂಗಡಿಸಿದಾಗ ಮಲೆಯ ನೆಲಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು. ಪ್ರೇಮಿಗಳ ಕೂಡುವಿಕೆ ಆ ನೆಲದ ಭಾವ. ಮುರುಗ ಅದರ ದೇವರು. ಸ್ಟ್ರೊಬಿಲ್ಯಾಂಥಸ್ ಎಂಬ ಇದರ ಕುಲದಲ್ಲಿ ನೂರಾರು ಜಾತಿಗಳಿವೆ. ಬೆಳಗಾವಿಯ ಘಟ್ಟದಲ್ಲಿ ಕಾರ್ವಿಯೆನಿಸಿಕೊಂಡದ್ದು ಸಾಮಾನ್ಯವಾಗಿ ಎಂಟು ವರ್ಷಕ್ಕೊಮ್ಮೆ ಅರಳಿದರೆ, ನೀಲಗಿರಿಯ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. ಗುಡ್ಡವೇ ನೀಲಿಯಾಗುತ್ತದೆ, ಬೀಜ ಕಟ್ಟುತ್ತದೆ, ಆಮೇಲೆ ಆ ಗಿಡಗಳೆಲ್ಲ ಒಟ್ಟಿಗೇ ಸಾಯುತ್ತವೆ. ಪಳನಿ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಕಂಡ ಹೂವುಗಳ ಲೆಕ್ಕದಲ್ಲಿ ಎಣಿಸುತ್ತಿದ್ದರೆಂದು ಹೇಳುತ್ತಾರೆ.

ಹನ್ನೆರಡರ ಲೆಕ್ಕ ಕನ್ನಡಿಗರಿಗೆ ಹೊಸದಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕವೆಂಬುದು ವಾಡಿಕೆಯ ಮಾತು. ಈಚಿನ ನಾಲ್ಕು ಅಭಿಷೇಕಗಳು ನಡೆದದ್ದು 1981, 1993, 2006 ಮತ್ತು 2018ರಲ್ಲಿ. ನೀಲಗಿರಿ, ಮೂನ್ನಾರುಗಳ ಕಡೆ ಕುರಿಂಜಿ ಅರಳಿದ್ದು 1982, 1994, 2006 ಮತ್ತು 2018ರಲ್ಲಿ. ಪಂಚಾಂಗ, ಮುಹೂರ್ತ, ಸಿದ್ಧತೆಗಳ ಅನುಕೂಲ ನೋಡಬೇಕಾದ ಮನುಷ್ಯರ ಎಣಿಕೆಯಲ್ಲಿ ಒಮ್ಮೆ ಹದಿಮೂರು ವರ್ಷವಾಯಿತು. ಪಂಚಾಂಗವಿಲ್ಲದ ಗಿಡ ಹನ್ನೆರಡನ್ನು ತಪ್ಪಲಿಲ್ಲ. ಗಿಡ ಏಕೆ ಹೀಗೆ ಎಣಿಸುತ್ತದೆ? ವಿಜ್ಞಾನಿಗಳು ಕೊಡುವ ಒಂದು ವಿವರಣೆ ಇದು: ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬೀಜ ಕಟ್ಟಿದರೆ ಇಲಿ, ಹುಳು, ಹಕ್ಕಿಗಳು ಅದನ್ನೆಲ್ಲ ತಿಂದು ಮುಗಿಸುತ್ತವೆ, ಎಲ್ಲ ಗಿಡಗಳೂ ಕೂಡಿ ಒಂದೇ ಸಲ ಬೀಜದ ರಾಶಿ ಸುರಿದರೆ ತಿನ್ನುವವರು ತಿಂದೂ ಉಳಿಯುತ್ತದೆ. ಹಾಗೆ ಉಳಿದ ಬೀಜವೇ ಮುಂದಿನ ಹನ್ನೆರಡು ವರ್ಷಗಳ ಬೆಟ್ಟ. ಕುರಿಂಜಿಯ ವರ್ಷದಲ್ಲಿ ಗುಡ್ಡ ಹತ್ತಿದವನು ಕೈತುಂಬ ಹೂ ಮುರಿದುಕೊಂಡರೆ ಹೋಗುವುದು ಆ ದಿನದ ಅಂದವಷ್ಟೇ ಅಲ್ಲ; ತಾಯಿಗಿಡ ಹೇಗೂ ಸಾಯುತ್ತದೆ, ಅದರ ಸಂತತಿಯೂ ಅಲ್ಲಿಗೆ ನಿಲ್ಲುತ್ತದೆ.

ಕರ್ನಾಟಕದಲ್ಲಿ ಈ ಹೂ ಕಾಣುವ ಪ್ರಸಿದ್ಧ ಸ್ಥಳ ಚಂದ್ರದ್ರೋಣ ಪರ್ವತಶ್ರೇಣಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಅದರ ನೆತ್ತಿ. ಸಿದ್ಧರು ತಪಸ್ಸು ಮಾಡಿದ ಗವಿಗಳು, ಸಂಜೀವಿನಿಯ ಮೂಲಿಕೆಗಳು, ಮೋಖಾದಿಂದ ಏಳು ಕಾಫಿ ಬೀಜ ತಂದ ಬಾಬಾಬುಡನ್, ಎಲ್ಲ ಐತಿಹ್ಯಗಳೂ ಅಲ್ಲಿ ಒಂದೇ ಬೆಟ್ಟದ ಮೇಲೆ ಕೂಡಿವೆ. ಮುಂದೆ ಆ ಕಾಫಿಯೇ ಇಳಿಜಾರಿನ ಕಾಡನ್ನು ತೋಟ ಮಾಡಿತು. ಕುರಿಂಜಿಗೆ ಉಳಿದದ್ದು ನೆತ್ತಿಯ ಹುಲ್ಲುಗಾವಲು. 2022ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಅಲ್ಲಿ ನೀಲಿ ಹೂ ಹಬ್ಬಿದಾಗ ಸಾವಿರಾರು ಜನ ವಾಹನಗಳಲ್ಲಿ ಏರಿ ಬಂದರು. ನೋಡಿ ಹೋದವರು ಹಲವರು, ಮುರಿದುಕೊಂಡು ಹೋದವರು ಕೆಲವರು. ಕೇರಳ ಸರ್ಕಾರ ಕುರಿಂಜಿಗಾಗಿಯೇ 2006ರಲ್ಲಿ ಕುರಿಂಜಿಮಲೆ ಅಭಯಾರಣ್ಯವನ್ನು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯ ಅನಂತರ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿದೆ. ಕುಬೇರನ ಕಾವಲುಗಾರರ ಜಾಗಕ್ಕೆ ಈಗ ಅರಣ್ಯರಕ್ಷಕರು ಬಂದಿದ್ದಾರೆ. ಬೆಟ್ಟದ ಹೂವಿಗೆ ಯಾರಪ್ಪಣೆ ಬೇಕು ಎನ್ನುವ ಭೀಮರಿಗೂ ಕೊರತೆಯಿಲ್ಲ.

ಹಾಗೆಂದು ಮನುಷ್ಯನನ್ನು ಹೊರಗಟ್ಟಿ ಬೇಲಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆಯೆ? ಈ ಪ್ರಶ್ನೆಗೆ ಹಿಮಾಲಯದ ಹೂಗಳ ಕಣಿವೆಯ ಇತಿಹಾಸ ಸರಳವಾದ ಉತ್ತರ ಕೊಡುವುದಿಲ್ಲ. ಭ್ಯುಂಡಾರದ ಆ ಕಣಿವೆಯಲ್ಲಿ ದೇವಕನ್ಯೆಯರು ವಾಸಿಸುತ್ತಾರೆಂದು ಸುತ್ತಲಿನವರ ನಂಬಿಕೆ. 1931ರಲ್ಲಿ ಕಾಮೆತ್ ಶಿಖರದಿಂದ ಇಳಿಯುತ್ತಿದ್ದ ಆಂಗ್ಲ ಪರ್ವತಾರೋಹಿ ಫ್ರಾಂಕ್ ಸ್ಮೈತ್ ದಾರಿಯಲ್ಲಿ ಅದನ್ನು ಕಂಡ. 1938ರಲ್ಲಿ ಅವನ ಪುಸ್ತಕ ಪ್ರಕಟವಾಗಿ ಕಣಿವೆ ಲೋಕಪ್ರಸಿದ್ಧವಾಯಿತು. ಮರುವರ್ಷ, 1939ರ ಜುಲೈ 4ರಂದು, ಹೂ ಸಂಗ್ರಹಿಸಲು ಬಂದಿದ್ದ ಜೋನ್ ಮಾರ್ಗರೆಟ್ ಲೆಗ್ ಎಂಬಾಕೆ ಬಂಡೆಯಿಂದ ಜಾರಿ ಮೃತಳಾದಳು; ಆಕೆಯ ಸಮಾಧಿ ಆ ಹೂಗಳ ನಡುವೆಯೇ ಇದೆ. 1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಉದ್ಯಾನವಾದೊಡನೆ ಕುರಿ ಮೇಕೆಗಳ ಮೇಯುವಿಕೆ ನಿಂತಿತು. ಆಮೇಲೆ ಪಾಲಿಗೋನಮ್ ಎಂಬ ಎತ್ತರದ ಕಳೆ ಹಬ್ಬಿ ಸಣ್ಣ ಹೂಗಳನ್ನು ಮುಚ್ಚತೊಡಗಿತು. ಅದನ್ನು ಕೀಳಿಸುವುದು ಅರಣ್ಯ ಇಲಾಖೆಯ ಕೆಲಸವಾಯಿತು. ಕುರುಬರ ಹಿಂಡುಗಳೇ ಆ ಕಳೆಯನ್ನು ಹದ್ದಿನಲ್ಲಿಟ್ಟಿದ್ದವೆಂದು ಕೆಲವರೂ, ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಕೆಲವರೂ ವಾದಿಸುತ್ತಾರೆ. ಗಿರಿಯ ಜನರ ನಡವಳಿಕೆಯನ್ನು ಅರಿಯದೆ ಗಿರಿಯ ಹೂವನ್ನು ಕಾಪಾಡುವುದು ಕಷ್ಟವೆಂಬಷ್ಟನ್ನಾದರೂ ಇದರಿಂದ ತಿಳಿಯಬಹುದು.

ಆಸೆಯ ಕೈ ಹೂವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಸಾಕು. ಬ್ರಹ್ಮಕಮಲದ ಕುಲದ್ದೇ ಆದ ಹಿಮಕಮಲವೊಂದು ಟಿಬೆಟ್, ಯುನಾನ್ ಪ್ರಾಂತಗಳ ಎತ್ತರದಲ್ಲಿ ಬೆಳೆಯುತ್ತದೆ. ಔಷಧಿಗೆಂದು ಅದನ್ನು ಕೀಳುವವರು ಎತ್ತರವಾಗಿ ಬೆಳೆದ ಗಿಡಗಳನ್ನೇ ಆರಿಸುತ್ತಾರೆ, ಅದೂ ಬೀಜ ಉದುರುವ ಮುಂಚೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಾ ಮತ್ತು ಸ್ಯಾಲಿಕ್ ಎಂಬ ಸಂಶೋಧಕರು ನೂರು ವರ್ಷಗಳ ಒಣ ಮಾದರಿಗಳನ್ನು ಅಳೆದು ನೋಡಿದರು. ಜನ ಕೀಳುವ ಜಾತಿ ವರ್ಷ ಕಳೆದಂತೆ ಗಿಡ್ಡವಾಗುತ್ತ ಬಂದಿತ್ತು. ಜನ ಅಷ್ಟಾಗಿ ಬಯಸದ ಇನ್ನೊಂದು ಜಾತಿ ಹಾಗೆ ಕುಗ್ಗಿರಲಿಲ್ಲ. ಬೀಜ ಬಿಡುವ ಭಾಗ್ಯ ಕುಳ್ಳ ಗಿಡಗಳಿಗೆ ಮಾತ್ರ ಉಳಿದದ್ದೇ ಇದಕ್ಕೆ ಕಾರಣ. ಚೆಲುವನ್ನು ಆರಿಸಿ ಆರಿಸಿ ಕಿತ್ತವರು ಚೆಲುವನ್ನೇ ಆ ಕುಲದಿಂದ ತೊಡೆಯುತ್ತ ಹೋದರು. ನಂದಾಷ್ಟಮಿಯವರೆಗೆ ಕಾಯುವ ಹಳ್ಳಿಗರ ವ್ರತದ ಬೆಲೆ ಇಲ್ಲಿ ನಮಗೆ ಅರ್ಥವಾಗುತ್ತದೆ. ಇಂದು ಯಾತ್ರೆಯ ದಾರಿಗಳಲ್ಲಿ ಬ್ರಹ್ಮಕಮಲ ಮಾರಾಟಕ್ಕೆ ಸಿಗುತ್ತದೆ; ಕೊಳ್ಳುವವರಿಗೆ ಹೂವಿನ ಮಹಿಮೆ ಗೊತ್ತು, ಅದರ ಕಟ್ಟುಪಾಡು ಗೊತ್ತಿಲ್ಲ. ಮಹಿಮೆ ಹೆಚ್ಚಿದಷ್ಟೂ ಬೆಲೆ ಹೆಚ್ಚುತ್ತದೆ, ಬೆಲೆ ಹೆಚ್ಚಿದಷ್ಟೂ ಬಂಡೆಯ ಸಂದಿ ಬರಿದಾಗುತ್ತದೆ.

ಆದ್ದರಿಂದ ಐತಿಹ್ಯಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳಲಾರೆ. ಅವನ್ನು ಪೂರ್ತಿಯಾಗಿ ಹೇಳಬೇಕೆಂದು ಕೇಳುತ್ತೇನೆ. ಮಕ್ಕಳಿಗೆ ಸೌಗಂಧಿಕದ ಕಥೆ ಹೇಳುವಾಗ ಬಾಲದ ಪ್ರಸಂಗಕ್ಕೆ ನಿಲ್ಲಿಸದೆ ಧರ್ಮರಾಜನ ಮಾತಿನವರೆಗೆ ಹೇಳೋಣ. ಸಂಜೀವಿನಿಯ ಕಥೆಯಲ್ಲಿ ಪರ್ವತ ತಂದದ್ದರ ಜೊತೆಗೆ ಪರ್ವತವನ್ನು ಹಿಂದಕ್ಕೆ ಇಟ್ಟು ಬಂದದ್ದನ್ನೂ ಹೇಳೋಣ. ಸಾಧ್ಯವಾದರೆ ದ್ರೋಣಗಿರಿಯವರ ಮುನಿಸನ್ನೂ ಸೇರಿಸೋಣ. ಕನ್ನಡ ಸಾಹಿತ್ಯಕ್ಕೆ ಇದು ಪರಕೀಯವಾದ ದೃಷ್ಟಿಯಲ್ಲ. ಹಂಪೆಯ ಹರಿಹರ ಪುಷ್ಪರಗಳೆಯೆಂಬ ಕೃತಿಯನ್ನೇ ಬರೆದು, ವಿರೂಪಾಕ್ಷನಿಗಾಗಿ ಹೂ ಕೊಯ್ಯುವ ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ. ಹೂವನ್ನು ಒಲಿಸಿಕೊಂಡು ಪಡೆಯುವುದಕ್ಕೂ ಕಸಿದುಕೊಳ್ಳುವುದಕ್ಕೂ ಇರುವ ಅಂತರ ಆ ಪರಂಪರೆಗೆ ಗೊತ್ತಿತ್ತು.

ನೀಲಗಿರಿಯಲ್ಲಿ ಲೆಕ್ಕದಂತೆ ಮುಂದಿನ ಕುರಿಂಜಿ 2030ಕ್ಕೆ ಅರಳಬೇಕು. ನೋಡಲು ಹೋಗುವವರು ಹೋಗಲಿ; ಬರಿಗೈಯಲ್ಲಿ ಹಿಂದಿರುಗಲಿ. ಹೋಗಲಾರದವರು ಬಯಲಿನಲ್ಲಿಯೇ ಇದ್ದು, ಮಾಗಿಯ ದಿನಗಳಲ್ಲಿ ಒಮ್ಮೆ ಕುಸುಬೆಯ ಹೊಲದ ಬದುವಿನ ಮೇಲೆ ನಿಂತು ಆ ಕೇಸರಿ ಹೂಗಳನ್ನು ಗಮನವಿಟ್ಟು ನೋಡಲಿ. ಕೇದಾರದ ದೇವಪುಷ್ಪದ ಒಡಹುಟ್ಟು ಮುಳ್ಳಿನ ನಡುವೆ ಅಲ್ಲಿ ಅರಳಿರುತ್ತದೆ.